ತಾಳೆ ನೋಡದ ಲೆಕ್ಕಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’ ಅಂತ ಅಚ್ಚಾಗಿದೆ. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಮಧ್ಯಾಹ್ನದ ಗೋಷ್ಠಿಯಲ್ಲಿ ಇದ್ದಾರೆ. ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ನಾನು ಬೇರೆ ವಿಷಯ ಮಾತಾಡುತ್ತೇನೆ: ಆಸ್ಟ್ರೇಲಿಯಾದ ನ್ಯಾಯಾಲಯಗಳಿಗೆ ಬಂದ ಮೂರು ಪ್ರಕರಣಗಳು. ಬಿ.ಇ. ಓದಿದವನಿಗೆ ಕೋರ್ಟಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೆಲಸದ ಮೇಲೆ ಎರಡು ವರ್ಷ ಮೆಲ್ಬರ್ನಿನಲ್ಲಿದ್ದೆ. 2019ರ ನವೆಂಬರಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಪತ್ರಿಕೆ ಮುಂದಿಟ್ಟು, “ನೋಡು, ನಮ್ಮ ಜಾತಿಯವರು ಮಾಡಿದ ಕೆಲಸ” ಅಂದರು. ಅವರು ಹೇಳಿದ್ದು ಪ್ರೋಗ್ರಾಂ ಬರೆಯುವವರ ಜಾತಿ. ಅವತ್ತಿನಿಂದ ಈ ಹುಚ್ಚು ಹಿಡಿಯಿತು. ಆ ಪತ್ರಿಕೆಯ ಸುದ್ದಿಗೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ನಮ್ಮ ಗಣಿತದ ಮೇಷ್ಟ್ರ ವಿಷಯ. ಎಂಟನೇ ತರಗತಿಯಲ್ಲಿ ಸಮೀಕರಣ ಬಿಡಿಸಿ ‘ಎಕ್ಸ್’ ಬೆಲೆ ಕಂಡುಹಿಡಿದು ಹೆಮ್ಮೆಯಿಂದ ಸ್ಲೇಟಿನಷ್ಟು ದಪ್ಪ ಗೆರೆ ಎಳೆದರೆ, ಮೇಷ್ಟ್ರು “ತಾಳೆ ಎಲ್ಲಯ್ಯಾ?” ಅನ್ನುತ್ತಿದ್ದರು. ಬಂದ ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ಎರಡೂ ಕಡೆ ಸಮ ಬಂತು ಎಂದು ತೋರಿಸದಿದ್ದರೆ ಅರ್ಧ ಅಂಕ ಹೋಯಿತು. ಉತ್ತರ ಸರಿಯಿದ್ದರೂ ಅರ್ಧ ಅಂಕ ಏಕೆ ಕತ್ತರಿಸುತ್ತಾರೆ ಎಂದು ನಮಗೆ ಸಿಟ್ಟು. ಮೇಷ್ಟ್ರು ಇಲ್ಲೇ ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ.

ಮೊದಲನೆಯ ಪ್ರಕರಣ ನಾನು ಹುಟ್ಟುವುದಕ್ಕಿಂತ ಹಿಂದಿನದು. 1980ರ ಆಗಸ್ಟ್ 17ರ ರಾತ್ರಿ, ಆಸ್ಟ್ರೇಲಿಯಾದ ನಡುವಿನ ಮರಳುಗಾಡಿನಲ್ಲಿ, ಉಲುರು ಎಂಬ ದೊಡ್ಡ ಕೆಂಪು ಬಂಡೆಯ ಹತ್ತಿರ ಒಂದು ಕುಟುಂಬ ಡೇರೆ ಹಾಕಿತ್ತು. ತಂದೆ ಮೈಕೆಲ್ ಚೇಂಬರ್ಲೇನ್, ಪಾದ್ರಿ. ತಾಯಿ ಲಿಂಡಿ. ಅವರ ಒಂಬತ್ತು ವಾರದ ಹಸುಗೂಸು ಅಜಾರಿಯಾ ಡೇರೆಯಿಂದ ಕಾಣೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಮಗುವನ್ನು ಎತ್ತಿಕೊಂಡು ಹೋಯಿತು ಎಂದು ತಾಯಿ ಕೂಗಿಕೊಂಡಳು. ಮೊದಲ ವಿಚಾರಣೆ ನಡೆಸಿದ ಅಧಿಕಾರಿ ಅವಳ ಮಾತನ್ನು ಒಪ್ಪಿದರು. ಜನ ಒಪ್ಪಲಿಲ್ಲ. ಟೀವಿಯಲ್ಲಿ ಅವಳು ಸಾಕಷ್ಟು ಅಳಲಿಲ್ಲ ಎಂಬುದೇ ದೊಡ್ಡ ಮಾತಾಯಿತು. ಹೆತ್ತ ತಾಯಿ ಎಷ್ಟು ಅಳಬೇಕು ಎಂದು ಅಳೆಯುವ ಸೇರು, ಪಾವು ಎಲ್ಲ ದೇಶಗಳಲ್ಲೂ ಇದೆ ಅಂತ ಕಾಣುತ್ತದೆ.

ಪ್ರಕರಣ ಮತ್ತೆ ತೆರೆಯಿತು. ಅವರ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಇದ್ದ ಕಲೆಗಳಲ್ಲಿ ಹಸುಗೂಸಿನ ರಕ್ತ ಇದೆ ಎಂದು ಪ್ರಯೋಗಾಲಯದ ತಜ್ಞರು ಸಾಕ್ಷಿ ಹೇಳಿದರು. 1982ರ ಅಕ್ಟೋಬರಿನಲ್ಲಿ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಅವಳು ತುಂಬು ಗರ್ಭಿಣಿ. ಮುಂದಿನ ತಿಂಗಳು ಹೆರಿಗೆಯಾಯಿತು. 1984ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ (ನಮ್ಮ ಸುಪ್ರೀಂ ಕೋರ್ಟಿಗೆ ಸಮಾನವಾದದ್ದಕ್ಕೆ ಅಲ್ಲಿ ಹೈಕೋರ್ಟ್ ಎನ್ನುತ್ತಾರೆ) ಮೂರಕ್ಕೆ ಎರಡರ ಬಹುಮತದಿಂದ ಮೇಲ್ಮನವಿಯನ್ನು ತಳ್ಳಿಹಾಕಿತು.

ಮಗು ಮೇಲೊಂದು ಪುಟ್ಟ ಕೋಟು ಹಾಕಿಕೊಂಡಿತ್ತು ಎಂದು ಲಿಂಡಿ ಮೊದಲಿನಿಂದ ಹೇಳುತ್ತಿದ್ದಳು. ಅದು ಅವಳು ಕಟ್ಟಿದ ಕಥೆ ಎಂದು ಸರ್ಕಾರಿ ವಕೀಲರ ವಾದವಾಗಿತ್ತು. 1986ರ ಫೆಬ್ರವರಿಯಲ್ಲಿ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನನ್ನು ಹುಡುಕುವಾಗ, ಡಿಂಗೊಗಳ ಗವಿಗಳಿರುವ ಕಡೆ ಆ ಕೋಟು ಸಿಕ್ಕಿತು. ಕೆಲವೇ ದಿನಗಳಲ್ಲಿ ಅವಳನ್ನು ಬಿಟ್ಟರು. ಆಮೇಲೆ ಕೂತ ಆಯೋಗ ಕಾರಿನ ಕಲೆಗಳ ವಿಷಯವನ್ನೂ ಕೆದಕಿತು. ರಕ್ತ ಅಂದುಕೊಂಡಿದ್ದರಲ್ಲಿ ಮುಖ್ಯವಾದದ್ದು ಕಾರ್ಖಾನೆಯಲ್ಲಿ ಸದ್ದು ಕಡಿಮೆ ಮಾಡಲು ಸಿಂಪಡಿಸುವ ಒಂದು ಲೇಪ! ಮತ್ತೊಮ್ಮೆ ಪರೀಕ್ಷೆ ಮಾಡಿ ನೋಡೋಣವೆಂದರೆ ಪ್ರಯೋಗಾಲಯದವರು ಮೂಲ ಪರೀಕ್ಷೆಯ ಪ್ಲೇಟುಗಳನ್ನೇ ನಾಶಮಾಡಿದ್ದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಮರಣ ದಾಖಲೆಯಲ್ಲಿ ‘ಡಿಂಗೊ’ ಎಂದು ಅಧಿಕೃತವಾಗಿ ಬರೆಯಲು 2012ರ ಜೂನ್‌ವರೆಗೆ ಬೇಕಾಯಿತು. ಮೂವತ್ತೆರಡು ವರ್ಷ.

ಎರಡನೆಯ ಪ್ರಕರಣ ನಮ್ಮವರದ್ದು. ಹಿರಿಯರಿಗೆ ನೆನಪಿರಬಹುದು, 2007ರ ಜುಲೈ ತಿಂಗಳು ಪೂರ್ತಿ ಪತ್ರಿಕೆಗಳಲ್ಲಿ ಇದೇ ಸುದ್ದಿ. ಡಾ. ಮೊಹಮ್ಮದ್ ಹನೀಫ್, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯವರು. ಬೆಂಗಳೂರಿನಲ್ಲಿ ಎಂಬಿಬಿಎಸ್ ಓದಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, ಆಮೇಲೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ್ದರು. ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದ ದಾಳಿಯಾಯಿತು. ಅದನ್ನು ಮಾಡಿದವರಲ್ಲಿ ಒಬ್ಬ ಹನೀಫ್ ಅವರ ದೂರದ ಸಂಬಂಧದ ಸೋದರ. ಅವನ ತಮ್ಮನಿಗೆ ಹನೀಫ್ ಹಿಂದಿನ ವರ್ಷ ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲ್ ಸಿಮ್ ಕೊಟ್ಟು ಬಂದಿದ್ದರು. ಪರದೇಶದಿಂದ ಹೊರಡುವವರು ಕುಕ್ಕರು, ಕಂಬಳಿ, ಉಳಿದ ರೀಚಾರ್ಜ್ ಇರುವ ಸಿಮ್ಮು ಎಲ್ಲವನ್ನೂ ಹಿಂದೆ ಉಳಿಯುವವರಿಗೆ ಕೊಟ್ಟು ಬರುತ್ತಾರೆ. ನಾನೂ ಮೆಲ್ಬರ್ನಿನಲ್ಲಿ ಹಾಗೆಯೇ ಕೊಟ್ಟು ಬಂದೆ.

ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಕೈಯಲ್ಲಿದ್ದದ್ದು ಭಾರತಕ್ಕೆ ಹೋಗುವ ಒಂದು ಕಡೆಯ ಟಿಕೆಟ್ ಮಾತ್ರ. ಆರೋಪ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡರು. ಪ್ರಶ್ನಿಸುವ ಸಮಯಕ್ಕೆ ಆಗಿನ ಕಾನೂನಿನಲ್ಲಿ 24 ಗಂಟೆಯ ಮಿತಿ ಇತ್ತು, ಆದರೆ ಹೊರದೇಶದಿಂದ ಮಾಹಿತಿ ತರಿಸುವಂಥ ಕೆಲಸಗಳಿಗೆ ಹಿಡಿಯುವ ಹೊತ್ತು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ‘ಡೆಡ್ ಟೈಮ್’ ಎಂದು ಅದಕ್ಕೆ ಹೆಸರು. ಅದಕ್ಕೆ ಮೇಲ್ಮಿತಿಯೇ ಇರಲಿಲ್ಲ. ನಿಂತ ಗಡಿಯಾರ ಇಟ್ಟುಕೊಂಡು 24 ಗಂಟೆ ಎಣಿಸಿದ ಹಾಗೆ.

ಕೋರ್ಟಿನಲ್ಲಿ ಸರ್ಕಾರದ ಕಡೆಯವರು, ಆ ಸಿಮ್ ಗ್ಲಾಸ್ಗೊದಲ್ಲಿ ಉರಿದ ಜೀಪಿನಲ್ಲೇ ಸಿಕ್ಕಿದ್ದು ಎಂದರು. ಒಂದು ಕಡೆಯ ಟಿಕೆಟ್ ಏಕೆ ಎಂಬುದಕ್ಕೆ ಹನೀಫ್ ವಿವರಣೆಯನ್ನೇ ಕೊಡಲಿಲ್ಲ ಎಂದು ಪೊಲೀಸರ ಪ್ರಮಾಣಪತ್ರದಲ್ಲಿತ್ತು. ಎರಡೂ ಸುಳ್ಳಾದವು. ಸಿಮ್ ಇದ್ದದ್ದು ಗ್ಲಾಸ್ಗೊದಿಂದ ಎಷ್ಟೋ ದೂರದ ಲಿವರ್‌ಪೂಲ್‌ನಲ್ಲಿ, ಆ ತಮ್ಮನ ಹತ್ತಿರ. ಇನ್ನು ಟಿಕೆಟ್ಟಿನ ವಿಷಯ: ಹನೀಫ್ ಪರ ವಕೀಲರಾದ ಸ್ಟೀಫನ್ ಕೀಮ್ ಅವರು ಪೊಲೀಸ್ ವಿಚಾರಣೆಯ 142 ಪುಟಗಳ ಲಿಖಿತ ದಾಖಲೆಯನ್ನು ಪತ್ರಿಕೆಯೊಂದಕ್ಕೆ ಕೊಟ್ಟುಬಿಟ್ಟರು. ಅದರಲ್ಲಿ ಹನೀಫ್ ಹೇಳಿದ್ದು ಸ್ಪಷ್ಟವಾಗಿತ್ತು. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿದೆ, ಮಗಳನ್ನು ನೋಡಲು ಹೋಗುತ್ತಿದ್ದೇನೆ, ಟಿಕೆಟ್ ಮಾವ ಕೊಡಿಸಿದ್ದು. ಪೊಲೀಸರದೇ ಕಾಗದದಲ್ಲಿ ಇದ್ದ ಉತ್ತರವನ್ನು, ಇಲ್ಲ ಎಂದು ಪ್ರಮಾಣ ಮಾಡಿದ್ದರು.

ಜುಲೈ 16ರಂದು ಬ್ರಿಸ್ಬೇನಿನ ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ಅವರ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕರೂ ಹೊರಗೆ ಬರಲು ದಾರಿ ಇಲ್ಲದಂತಾಯಿತು. ಕಾನೂನಿನ ದೃಷ್ಟಿಯಿಂದ ನನಗೆ ಅತ್ಯಂತ ಸ್ವಾರಸ್ಯದ ಜಾಗ ಇದು. ಅಲ್ಲಿನ ವಲಸೆ ಕಾಯ್ದೆಯ 501ನೇ ಸೆಕ್ಷನ್ನಿನಲ್ಲಿ ‘ನಡತೆಯ ಪರೀಕ್ಷೆ’ ಎಂದಿದೆ. ಅಪರಾಧದಲ್ಲಿ ತೊಡಗಿದ್ದಾರೆಂದು ಸಚಿವರಿಗೆ ಸಕಾರಣವಾದ ಅನುಮಾನವಿರುವ ವ್ಯಕ್ತಿಯ ಜೊತೆ ‘ಒಡನಾಟ’ ಇದ್ದರೆ ಆ ಪರೀಕ್ಷೆಯಲ್ಲಿ ಫೇಲು. ಒಡನಾಟ ಅಂದರೆ ಎಷ್ಟು? ದೂರದ ನೆಂಟನಾಗಿರುವುದೂ ಒಡನಾಟವೇ? ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ ವಾದ ಕೇಳುತ್ತಾ, ಹಾಗೆ ನೋಡಿದರೆ ವಕೀಲನಾಗಿದ್ದಾಗ ಆರೋಪಿಗಳ ಪರ ನಿಂತಿದ್ದ ನಾನೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ ಎಂಬ ಅರ್ಥದ ಮಾತಾಡಿದರು. ಒಡನಾಟ ಎಂದರೆ ಆ ಅಪರಾಧದ ಬಗ್ಗೆ ಸಹಾನುಭೂತಿಯೋ ಅದರಲ್ಲಿ ಪಾಲೋ ಇರಬೇಕು, ಬರೀ ನೆಂಟಸ್ತನ ಸಾಲದು ಎಂಬುದು 2007ರ ಆಗಸ್ಟ್ 21ರ ಅವರ ತೀರ್ಪಿನ ತಿರುಳು. ವೀಸಾ ರದ್ದತಿಯನ್ನು ಅವರು ತಳ್ಳಿಹಾಕಿದರು. ಸಚಿವರು ಮೇಲ್ಮನವಿ ಹೋದರು, ಡಿಸೆಂಬರಿನಲ್ಲಿ ಅದೂ ಬಿತ್ತು.

ಇಷ್ಟರಲ್ಲಿ, ಜುಲೈ 27ರಂದೇ ಆರೋಪವನ್ನು ಹಿಂತೆಗೆದುಕೊಂಡಿದ್ದರು. ಹನೀಫ್ ಬೆಂಗಳೂರಿಗೆ ಬಂದು ಮಗಳ ಮುಖ ನೋಡಿದ್ದರು. ಮರುವರ್ಷ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ, ಅವರ ಮೇಲೆ ಯಾವ ಪುರಾವೆಯೂ ಇರಲಿಲ್ಲ ಎಂದಿತು. 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಡೆಡ್ ಟೈಮಿಗೆ ಏಳು ದಿನದ ಮಿತಿ ಬಿತ್ತು. ಮೂಡಿಗೆರೆಯ ಒಬ್ಬ ಹುಡುಗನ ಕಾರಣದಿಂದ ಆಸ್ಟ್ರೇಲಿಯಾದ ಕಾಯ್ದೆಯಲ್ಲಿ ಒಂದು ಸಾಲು ಬದಲಾಯಿತು ಎನ್ನುವುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಈಗ ಮೂರನೆಯದು, ನನ್ನ ಸಹೋದ್ಯೋಗಿ ಊಟದ ಮೇಜಿನ ಮೇಲಿಟ್ಟ ಸುದ್ದಿ. ಸ್ವಲ್ಪ ಲೆಕ್ಕ ಬರುತ್ತದೆ, ಮಕ್ಕಳು ಗಮನ ಕೊಡಬೇಕು.

ಆಸ್ಟ್ರೇಲಿಯಾದಲ್ಲಿ ಕೆಲಸವಿಲ್ಲದವರಿಗೆ, ಓದುವ ಬಡ ಮಕ್ಕಳಿಗೆ ಸರ್ಕಾರ ಭತ್ಯೆ ಕೊಡುತ್ತದೆ. ಕೊಡುವ ಕಚೇರಿಗೆ ಸೆಂಟರ್‌ಲಿಂಕ್ ಎಂದು ಹೆಸರು. ಆಗ ಎರಡು ವಾರಕ್ಕೊಮ್ಮೆ ‘ಇಷ್ಟು ದುಡಿದೆ’ ಎಂದು ತಿಳಿಸಬೇಕಿತ್ತು. ಆ ಎರಡು ವಾರದ ದುಡಿಮೆ ನೋಡಿ ಭತ್ಯೆ. ಆದಾಯ ತೆರಿಗೆ ಕಚೇರಿಯ ಹತ್ತಿರ ಆಗ ಇದ್ದದ್ದು ವರ್ಷದ ಒಟ್ಟು ಆದಾಯ. 2015ರಿಂದ ಶುರುವಾದ ಒಂದು ಯೋಜನೆಯಲ್ಲಿ ಈ ಎರಡನ್ನೂ ಕಂಪ್ಯೂಟರಿನಲ್ಲಿ ಹೋಲಿಸಿದರು. ಜನ ಅದನ್ನು ‘ರೋಬೋಡೆಟ್’ ಎಂದು ಕರೆದರು. ಯಂತ್ರ ಹೊರಿಸಿದ ಸಾಲ ಅಂತ.

ಒಬ್ಬ ಹುಡುಗಿ ಜುಲೈಯಿಂದ ಡಿಸೆಂಬರ್‌ವರೆಗೆ ಕೆಲಸ ಮಾಡಿ 26,000 ಡಾಲರ್ ದುಡಿದಳು ಅನ್ನಿ. ಅಲ್ಲಿನ ಆರ್ಥಿಕ ವರ್ಷ ಜುಲೈಗೆ ಆರಂಭ. ಜನವರಿಯಲ್ಲಿ ಕೆಲಸ ಹೋಯಿತು. ಜೂನ್‌ವರೆಗೆ ದುಡಿಮೆ ಸೊನ್ನೆ ಎಂದು ತಿಳಿಸಿ ಭತ್ಯೆ ಪಡೆದಳು. ಇದರಲ್ಲಿ ತಪ್ಪೇನೂ ಇಲ್ಲ. ಕಂಪ್ಯೂಟರ್ ಏನು ಮಾಡಿತು? 26,000ವನ್ನು 26ರಿಂದ ಭಾಗಿಸಿತು, ಏಕೆಂದರೆ ವರ್ಷದಲ್ಲಿ ಅಂಥ 26 ಅವಧಿಗಳಿವೆ. ಒಂದೊಂದಕ್ಕೆ 1,000 ಡಾಲರ್ ಬಂತು. ‘ಎಲಾ, ಮಾರ್ಚಿನಲ್ಲೂ ಸಾವಿರ ದುಡಿದಿದ್ದೀಯ, ಸೊನ್ನೆ ಎಂದು ಹೇಳಿದ್ದೀಯ, ಭತ್ಯೆ ವಾಪಸ್ ಕೊಡು’ ಎಂದು ಪತ್ರ ಹೋಯಿತು. ಕಾಫಿ ಕುಯ್ಲಿನ ಮೂರು ತಿಂಗಳ ಕೂಲಿಯನ್ನು ಹನ್ನೆರಡರಿಂದ ಭಾಗಿಸಿ, ಮಳೆಗಾಲದಲ್ಲೂ ನಿನಗೆ ಕೂಲಿ ಇತ್ತು ಎಂದು ಹೇಳಿದರೆ ನಮ್ಮೂರಿನ ಯಾವ ಹೆಂಗಸಾದರೂ ನಕ್ಕುಬಿಡುತ್ತಾಳೆ. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಭಾಗಿಸಬಾರದ್ದನ್ನು ಭಾಗಿಸಿದ್ದರು.

ಮುಂಚೆಯೂ ಇಂಥ ವ್ಯತ್ಯಾಸಗಳು ಕಂಡುಬರುತ್ತಿದ್ದವು. ಆಗ ಒಬ್ಬ ಗುಮಾಸ್ತ ಕೂತು, ಕೆಲಸ ಕೊಟ್ಟವರಿಗೆ ಫೋನ್ ಮಾಡಿ, ಸಂಬಳದ ಚೀಟಿ ತರಿಸಿ ನೋಡುತ್ತಿದ್ದ. ವರ್ಷಕ್ಕೆ ಸುಮಾರು 20,000 ಪ್ರಕರಣ. ಆ ಗುಮಾಸ್ತನನ್ನು ತೆಗೆದ ಮೇಲೆ ವಾರಕ್ಕೆ 20,000 ಪತ್ರಗಳವರೆಗೆ ಹೋಯಿತು. ತಪ್ಪಾಗಿದ್ದರೆ ನೀನೇ ವೆಬ್‌ಸೈಟಿಗೆ ಹೋಗಿ, ಐದಾರು ವರ್ಷ ಹಿಂದಿನ ಸಂಬಳದ ಚೀಟಿ ತಂದು ತೋರಿಸು. ತೋರಿಸದಿದ್ದರೆ ಸರಾಸರಿಯೇ ಸತ್ಯ. ವಸೂಲಿ ಏಜೆನ್ಸಿಗಳು ಫೋನ್ ಮಾಡುತ್ತಿದ್ದವು. ತೆರಿಗೆ ಕಚೇರಿಯಿಂದ ವಾಪಸ್ ಬರಬೇಕಿದ್ದ ಹಣವನ್ನು ಕೇಳದೆಯೇ ಮುರಿದುಕೊಂಡರು. ಹಲವರ ಮೇಲೆ ಶೇ. 10ರಷ್ಟು ದಂಡ ಬೇರೆ.

ಕಾನೂನು ಇಲ್ಲಿ ಬಹಳ ಸರಳ. ನೀನು ನನಗೆ ಸಾಲಗಾರ ಎಂದು ಹೇಳುವವನೇ ಸಾಲವನ್ನು ರುಜುವಾತು ಮಾಡಬೇಕು. ಸರ್ಕಾರಕ್ಕೂ ಅದೇ ನಿಯಮ. ಟೆರ್ರಿ ಕಾರ್ನಿ ಎಂಬ ಕಾನೂನು ಪ್ರಾಧ್ಯಾಪಕರು ಅಲ್ಲಿನ ಆಡಳಿತ ಮೇಲ್ಮನವಿ ಮಂಡಳಿಯ ಸದಸ್ಯರಾಗಿ 2017ರಲ್ಲೇ ಕೆಲವು ಪ್ರಕರಣಗಳಲ್ಲಿ ಇದನ್ನು ಬರೆದರು: ಸರಾಸರಿ ಎಂಬುದು ಸಾಲಕ್ಕೆ ರುಜುವಾತಲ್ಲ. ಸರ್ಕಾರ ಅದರ ಮೇಲೆ ಮೇಲ್ಮನವಿ ಹೋಗಲಿಲ್ಲ. ಹೋಗಿದ್ದರೆ ದೊಡ್ಡ ಕೋರ್ಟಿನಲ್ಲಿ ಇತ್ಯರ್ಥವಾಗುತ್ತಿತ್ತು. ಆ ಒಂದೊಂದು ಸಾಲವನ್ನು ಬಿಟ್ಟುಕೊಟ್ಟು ಯೋಜನೆಯನ್ನು ಮಾತ್ರ ಮುಂದುವರಿಸಿದರು. ಕಾರ್ನಿ ಅವರ ಅವಧಿ ಮುಗಿದಾಗ ಮರುನೇಮಕ ಆಗಲಿಲ್ಲ. 2019ರಲ್ಲಿ ಮೆಲ್ಬರ್ನಿನ ಒಬ್ಬ ನರ್ಸ್ ಫೆಡರಲ್ ಕೋರ್ಟಿಗೆ ಹೋದರು. ಮೊಕದ್ದಮೆ ಮುಂದುವರಿಯುವಷ್ಟರಲ್ಲಿ ಸಾಲವೇ ಇಲ್ಲ ಎಂದು ಅಳಿಸಿಬಿಟ್ಟರು. ಕೋರ್ಟು ತೀರ್ಪು ಕೊಡಲು ಏನೂ ಉಳಿಯದ ಹಾಗೆ.

ಮುಂದಿನ ಮೊಕದ್ದಮೆ ಅಮಾಟೊ ಅವರದ್ದು. ವಿಕ್ಟೋರಿಯಾ ರಾಜ್ಯದ ಉಚಿತ ಕಾನೂನು ನೆರವು ಸಂಸ್ಥೆ ಅವರ ಪರ ನಿಂತಿತು. ಅವರ ತೆರಿಗೆ ವಾಪಸಾತಿಯನ್ನು ಮುರಿದುಕೊಂಡಿದ್ದರಿಂದ, ಸಾಲ ಅಳಿಸಿದರೂ ಬಡ್ಡಿಯ ಪ್ರಶ್ನೆ ಉಳಿಯಿತು, ಮೊಕದ್ದಮೆ ಬದುಕಿತು. 2019ರ ನವೆಂಬರ್ 27ರಂದು ಸರ್ಕಾರ ತಾನೇ ಒಪ್ಪಿಕೊಂಡು ಆದೇಶವಾಯಿತು: ಸರಾಸರಿಯ ಮೇಲೆ ಹೊರಿಸಿದ ಈ ಸಾಲ ಕಾನೂನುಬದ್ಧವಲ್ಲ. ಒಂದು ಚಿಕ್ಕ ಬಡ್ಡಿಯ ಎಳೆ ಹಿಡಿದು ಇಡೀ ಗೋಣಿಚೀಲ ಬಿಚ್ಚಿದ ವಕೀಲರ ಜಾಣತನ ನನಗೆ ಒಳ್ಳೆಯ ಪ್ರೋಗ್ರಾಂ ಓದಿದಷ್ಟೇ ಸಂತೋಷ ಕೊಟ್ಟಿತು.

2020ರ ಮೇ ತಿಂಗಳಲ್ಲಿ 4,70,000 ಸಾಲಗಳ ಬಾಬ್ತು 72.1 ಕೋಟಿ ಡಾಲರ್ ವಾಪಸ್ ಕೊಡುವುದಾಗಿ ಸರ್ಕಾರ ಘೋಷಿಸಿತು. ಸಾಲ ಹೊರಿಸಿಕೊಂಡವರ ಪರವಾಗಿ ಹೂಡಿದ ಸಾಮೂಹಿಕ ದಾವೆಯ ರಾಜಿಯನ್ನು 2021ರ ಜೂನಿನಲ್ಲಿ ಮಂಜೂರು ಮಾಡಿದ ನ್ಯಾಯಮೂರ್ತಿ ಬರ್ನಾರ್ಡ್ ಮರ್ಫಿ ಇದೊಂದು ನಾಚಿಕೆಗೇಡಿನ ಅಧ್ಯಾಯ ಎಂದೇ ಬರೆದರು. ಸುಮಾರು 4,33,000 ಜನರ ಮೇಲೆ ಒಟ್ಟು 176 ಕೋಟಿ ಡಾಲರ್ ಸಾಲ ಅಕ್ರಮವಾಗಿ ಹೊರಿಸಲಾಗಿತ್ತು. ಆಮೇಲೆ ಕ್ವೀನ್ಸ್‌ಲ್ಯಾಂಡಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ ಕೂತು 2023ರ ಜುಲೈಯಲ್ಲಿ ವರದಿ ಕೊಟ್ಟಿತು. ಯೋಜನೆ ಶುರುವಾಗುವ ಮೊದಲೇ, 2014ರಲ್ಲೇ, ಇಲಾಖೆಯ ಸ್ವಂತ ವಕೀಲರು ಇದು ಕಾಯ್ದೆಗೆ ಹೊಂದುವುದಿಲ್ಲ ಎಂದು ಬರೆದು ಕೊಟ್ಟಿದ್ದರು ಎಂಬುದು ಅಲ್ಲಿ ಹೊರಬಂತು. ಮಗನನ್ನು ಕಳೆದುಕೊಂಡ ಇಬ್ಬರು ತಾಯಂದಿರು ಆ ಆಯೋಗದ ಮುಂದೆ ಕೂತು ಸಾಕ್ಷ್ಯ ಹೇಳಿದರು. ಇಬ್ಬರು ಹುಡುಗರೂ ಸಾಲದ ಬೆನ್ನು ಹತ್ತಿದ್ದ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡವರು. ಆ ಭಾಗವನ್ನು ನಾನು ರಾತ್ರಿ ಓದಲು ಶುರುಮಾಡಿ, ಮುಚ್ಚಿಟ್ಟು, ಬೆಳಿಗ್ಗೆ ಓದಿದೆ.

ಇಷ್ಟು ಹೇಳಿ ಆಸ್ಟ್ರೇಲಿಯಾದವರ ಮೇಲೆ ಬೆರಳು ತೋರಿಸಿ ಇಳಿಯಬಹುದಿತ್ತು. ಆದರೆ ಮೇಷ್ಟ್ರ ಎದುರು ನಿಂತು ಇದೊಂದನ್ನು ಮುಚ್ಚಿಡಲು ಮನಸ್ಸಿಲ್ಲ.

ಆ ವರದಿ ಓದುವುದಕ್ಕೆ ಕೆಲವು ವರ್ಷ ಮೊದಲು, ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ, ಗುತ್ತಿಗೆ ಕೆಲಸಗಾರರ ಹಾಜರಿಯಿಂದ ಸಂಬಳ ಲೆಕ್ಕ ಹಾಕುವ ಪ್ರೋಗ್ರಾಮಿನ ಒಂದು ಭಾಗ ನಾನು ಬರೆದೆ. ಬೆರಳು ಒತ್ತುವ ಯಂತ್ರ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಎರಡರಲ್ಲಿ ಒಂದು ಇಲ್ಲದಿದ್ದರೆ ಆ ದಿನ ಗೈರುಹಾಜರಿ ಎಂದು ಹಿಡಿಯಲು ಹೇಳಿದರು. ಹತ್ತು ಸಾಲಿನ ಕೆಲಸ. ಸಂಜೆಯೊಳಗೆ ಮುಗಿಸಿ, ಪರೀಕ್ಷೆಯೂ ಪಾಸಾಗಿ, ಶಹಬ್ಬಾಸ್ ಅನ್ನಿಸಿಕೊಂಡೆ. ನೆಲ ಒರೆಸಿ ಫಿನಾಯಿಲ್‌ನಲ್ಲಿ ಕೈ ಅದ್ದುವವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಒಮ್ಮೊಮ್ಮೆ ಹಿಡಿಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ನನ್ನ ಅವ್ವನ ಬೆರಳು ನ್ಯಾಯಬೆಲೆ ಅಂಗಡಿಯಲ್ಲಿ ಹಿಡಿಯದೆ ಎಷ್ಟೋ ಸಲ ಖಾಲಿ ಚೀಲ ಹಿಡಿದು ವಾಪಸ್ ಬಂದಿದ್ದಾಳೆ.

ಒಂದು ದಿನ ನಮ್ಮ ಮಹಡಿಯನ್ನೇ ಗುಡಿಸುವ ಅಮ್ಮ ನನ್ನ ಹತ್ತಿರ ಬಂದು, “ಸಾರ್, ಮೂರು ದಿನದ ಸಂಬಳ ಹಿಡಿದವ್ರೆ. ನಾನು ಬಂದಿದ್ದೆ. ನೀವೇ ನೋಡಿದ್ರಲ್ಲ, ಸಾರ್” ಅಂದರು. ನೋಡಿದ್ದೆ. ಮೂರೂ ದಿನ ನನ್ನ ಮೇಜು ಒರೆಸಿದ್ದರು. ಪ್ರೋಗ್ರಾಂ ಬರೆದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಮೇಲ್ವಿಚಾರಕರಿಗೆ ಹೇಳಿ ಅವರ ಮೂರು ದಿನದ ಹಣ ಕೊಡಿಸಿದೆ. ಒಂದು ಬೆರಳಚ್ಚು ಇದ್ದರೆ ಹಣ ಕಡಿಯದೆ ಮನುಷ್ಯರೊಬ್ಬರು ನೋಡಲಿ ಎಂದು ನಿಯಮವನ್ನೂ ಬದಲಾಯಿಸಿದೆ.

ಅಷ್ಟು ಹೊತ್ತಿಗೆ ಆ ಹತ್ತು ಸಾಲು ಹನ್ನೊಂದು ತಿಂಗಳು ಓಡಿತ್ತು. ನಾನು ಸರಿಮಾಡಿದ್ದು ಮುಂದಿನದನ್ನು ಮತ್ತು ಕೇಳಿಕೊಂಡು ಬಂದ ಒಬ್ಬರದನ್ನು. ಕೇಳದೆ ಇದ್ದವರ ಹಳೆಯ ಲೆಕ್ಕವನ್ನು ತೆಗೆದು ನೋಡಲಿಲ್ಲ. ಬೇರೆ ಪ್ರಾಜೆಕ್ಟಿಗೆ ಹಾಕಿದರು, ಹೋದೆ. ಆಮೇಲೆ ಮೆಲ್ಬರ್ನಿಗೆ ಹೋದೆ. ಈ ಭಾಷಣ ಬರೆಯುವಾಗ ಆ ಕಂಪನಿಯಲ್ಲಿ ಈಗಲೂ ಇರುವ ಗೆಳೆಯನಿಗೆ ಫೋನ್ ಮಾಡಿ, ಆ ತಿಂಗಳುಗಳ ಹಾಜರಿ ದಾಖಲೆ ಸಿಗುತ್ತದೆಯೇ ಎಂದು ಕೇಳಿದ್ದೇನೆ. ಗುತ್ತಿಗೆದಾರರು ಎರಡು ಸಲ ಬದಲಾಗಿದ್ದಾರಂತೆ. ಹುಡುಕಿ ಹೇಳುತ್ತೇನೆ ಅಂದಿದ್ದಾನೆ.